ವಾಕ್ಯದ ಕೀಲು ಎಲ್ಲಿದೆ?



ನಮ್ಮ ಸರ್ಕಾರಿ ಶಾಲೆಯ ಏಳನೇ ತರಗತಿಯ ಯಾವ ಮಗುವನ್ನಾದರೂ ನಿಲ್ಲಿಸಿ, ಇಂಗ್ಲಿಷಿನಲ್ಲಿ ವಾಕ್ಯಗಳು ಎಷ್ಟು ಬಗೆ ಎಂದು ಕೇಳಿ ನೋಡಿ. ತಟಕ್ಕನೆ ಉತ್ತರ ಬರುತ್ತದೆ: ನಾಲ್ಕು ಬಗೆ. ಅಸರ್ಟಿವ್, ಇಂಟರಾಗೇಟಿವ್, ಇಂಪರೇಟಿವ್, ಎಕ್ಸ್‌ಕ್ಲಮೇಟರಿ. ಚೆನ್ನಾಗಿ ಓದುವ ಮಗುವಾದರೆ ಇನ್ನೂ ಮೂರನ್ನು ಸೇರಿಸುತ್ತದೆ: ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್. ಒಂದೊಂದರ ವ್ಯಾಖ್ಯೆಯೂ ಕಂಠಪಾಠ. ಈಗ ಅದೇ ಮಗುವಿಗೆ, 'ನಿನ್ನೆ ಮಳೆ ಬಂದರೂ ನೀವು ಕಬಡ್ಡಿ ಆಡಿದಿರಲ್ಲ, ಅದನ್ನು ಇಂಗ್ಲಿಷಿನಲ್ಲಿ ಹೇಳಪ್ಪ' ಎನ್ನಿ. ಮಗು ಸುಮ್ಮನಾಗುತ್ತದೆ. ಬಹಳ ಒತ್ತಾಯ ಮಾಡಿದರೆ 'ಯೆಸ್ಟರ್ಡೇ ರೈನ್ ಕಮಿಂಗ್, ವಿ ಕಬಡ್ಡಿ' ಎಂದು ಅರ್ಧಕ್ಕೆ ನಿಲ್ಲಿಸುತ್ತದೆ. ಏಳು ಹೆಸರು ಗೊತ್ತಿದೆ, ಒಂದು ವಾಕ್ಯ ಬಾರದು. ಈ ಅಂತರದ ಬಗ್ಗೆ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಅಂದರೆ ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ, ಬಹುಕಾಲ ಇಂಗ್ಲಿಷ್ ಕಲಿಸುತ್ತ ಬಂದವಳು ನಾನು. ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೊದಲು ಐದನೇ ತರಗತಿಯಲ್ಲಿ ಇಂಗ್ಲಿಷ್ ಶುರುವಾಗುತ್ತಿತ್ತು. 2007-08ರಿಂದ ಒಂದನೇ ತರಗತಿಗೇ ಬಂತು. ಹಾಗಾಗಿ ಈಗ ಆರನೇ ತರಗತಿಗೆ ಬರುವ ಮಗು ಐದು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದೇ ಬಂದಿರುತ್ತದೆ. ಪದಗಳು ಗೊತ್ತಿರುತ್ತವೆ. ಹಣ್ಣು, ಬಣ್ಣ, ಪ್ರಾಣಿ, ವಾರದ ದಿನ ಎಲ್ಲ ಬರುತ್ತವೆ. ಪದವನ್ನು ಪದಕ್ಕೆ ಕಟ್ಟಿ ತನ್ನದೇ ಒಂದು ಮಾತು ಹೇಳುವುದು ಮಾತ್ರ ಬಾರದು. ವಾಕ್ಯದ ಬಗೆಗಳ ಪಾಠ ಬರುವುದು ಸರಿಯಾಗಿ ಈ ಹೊತ್ತಿನಲ್ಲೇ. ಆ ಪಾಠವನ್ನು ನಾವು ಹೆಸರು ಬರೆಸುವುದಕ್ಕೆ ಬಳಸುತ್ತೇವೋ, ವಾಕ್ಯ ಕಟ್ಟಿಸುವುದಕ್ಕೆ ಬಳಸುತ್ತೇವೋ ಎಂಬುದರ ಮೇಲೆ ಆ ಮಗುವಿನ ಮುಂದಿನ ಇಂಗ್ಲಿಷ್ ಬಹುಮಟ್ಟಿಗೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 'ಟೈಪ್ಸ್ ಆಫ್ ಸೆಂಟೆನ್ಸಸ್' ಎಂಬ ಒಂದೇ ತಲೆಬರಹದ ಕೆಳಗೆ ಎರಡು ಬೇರೆ ಬೇರೆ ಲೆಕ್ಕಗಳನ್ನು ಮಕ್ಕಳ ಮುಂದೆ ಇಡುತ್ತೇವೆ. ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂಬ ನಾಲ್ಕು, ವಾಕ್ಯ ಯಾವ ಕೆಲಸಕ್ಕೆ ಹೊರಟಿದೆ ಎಂಬುದರ ಲೆಕ್ಕ. ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಮೂರು, ವಾಕ್ಯವನ್ನು ಹೇಗೆ ಕಟ್ಟಿದೆ ಎಂಬುದರ ಲೆಕ್ಕ. 'ಡು ಯೂ ನೋ ವೇರ್ ದಿ ಬಸ್ ಸ್ಟಾಪ್ಸ್?' ಎಂಬ ವಾಕ್ಯ ಮೊದಲ ಲೆಕ್ಕದಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಕಾಂಪ್ಲೆಕ್ಸ್. ಎರಡೂ ಸರಿ. 'ಮಿಸ್, ಇದು ಇಂಟರಾಗೇಟಿವ್ವಾ, ಕಾಂಪ್ಲೆಕ್ಸಾ?' ಎಂದು ಮಗು ಕೇಳಿದರೆ ಅದು ದಡ್ಡತನದ ಪ್ರಶ್ನೆಯಲ್ಲ. ಎರಡು ಲೆಕ್ಕವನ್ನು ನಾವು ಬಿಡಿಸಿ ಹೇಳಲಿಲ್ಲ ಎಂದರ್ಥ. ಈ ಎರಡನ್ನೂ ಒಂದೇ ವಾರದಲ್ಲಿ ಕಲಿಸಬಾರದು. ಸಾಧ್ಯವಿದ್ದರೆ ಒಂದೇ ವರ್ಷದಲ್ಲೂ ಬೇಡ. ಆರನೇ ತರಗತಿಯಲ್ಲಿ ಕೆಲಸದ ಲೆಕ್ಕ, ಏಳರಲ್ಲಿ ಕಟ್ಟಡದ ಲೆಕ್ಕ. ಅಷ್ಟು ಬಿಡುವು ಮಕ್ಕಳಿಗೆ ಬೇಕು.

ಕೆಲಸದ ಲೆಕ್ಕವನ್ನು ಕಲಿಸಲು ಕನ್ನಡಕ್ಕಿಂತ ಒಳ್ಳೆಯ ದಾರಿಯಿಲ್ಲ. ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಇಬ್ಬರು ಹರಡಿ ಕೂತಿದ್ದಾರೆ. ನಾವು ಹೋಗಿ 'ಸ್ವಲ್ಪ ಜಾಗ ಬಿಡ್ತೀರಾ?' ಅನ್ನುತ್ತೇವೆ. ರೂಪದಲ್ಲಿ ಅದು ಪ್ರಶ್ನೆ. 'ಹ್ಞೂ, ಬಿಡ್ತೀವಿ' ಎಂದು ಹೇಳಿ ಅಲ್ಲೇ ಹರಡಿ ಕೂರುವವರು ಯಾರೂ ಇಲ್ಲ. ಸರಿದು ಜಾಗ ಕೊಡುತ್ತಾರೆ. ಕೇಳಿದ್ದು ಪ್ರಶ್ನೆಯಾದರೂ ಮಾಡಿದ್ದು ಕೋರಿಕೆ. ಇದನ್ನು ಮಕ್ಕಳಿಗೆ ಹೇಳಿ, ಆಮೇಲೆ 'ಕ್ಯಾನ್ ಯೂ ಓಪನ್ ದಿ ವಿಂಡೋ?' ಎಂದರೆ 'ಯೆಸ್, ಐ ಕ್ಯಾನ್' ಎಂದು ಕೂತಲ್ಲೇ ಉತ್ತರಿಸುವ ಮಗು ಇರುವುದಿಲ್ಲ. ಎದ್ದು ಹೋಗಿ ಕಿಟಕಿ ತೆಗೆಯುತ್ತದೆ. ಉದ್ಗಾರ ವಾಕ್ಯಕ್ಕೆ ಬಹಳ ಹೊತ್ತು ಕೊಡಬೇಕಿಲ್ಲ. 'ವಾಟ್ ಎ ಕ್ಯಾಚ್!' ಎಂದು ಕ್ರಿಕೆಟ್ ಕಾಮೆಂಟರಿಯಿಂದ ಅವರೇ ಕಲಿತಿರುತ್ತಾರೆ.

ತೊಡಕಿರುವುದು ಪ್ರಶ್ನೆಯಲ್ಲಿ. ಕನ್ನಡದಲ್ಲಿ ಹೇಳಿಕೆಯ ತುದಿಗೆ ಒಂದು 'ಆ' ಹಚ್ಚಿದರೆ ಪ್ರಶ್ನೆಯಾಯಿತು. 'ಊಟ ಮಾಡಿದೆ', 'ಊಟ ಮಾಡಿದೆಯಾ?' ಪದಗಳು ಕೂತ ಜಾಗದಿಂದ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಪದಗಳು ಎದ್ದು ಓಡಾಡಬೇಕು. ಇದನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದರೆ ಮಕ್ಕಳ ತಲೆಗೆ ಹತ್ತುವುದಿಲ್ಲ. ಮಕ್ಕಳನ್ನೇ ಓಡಾಡಿಸಬೇಕು.

ನಾನು ಮಾಡುವುದು ಹೀಗೆ. ಹಳೆಯ ನೋಟ್‌ಬುಕ್ಕಿನ ರಟ್ಟುಗಳ ಮೇಲೆ ದಪ್ಪ ಅಕ್ಷರದಲ್ಲಿ ಪದ ಬರೆದು, ಮೂವರು ಮಕ್ಕಳ ಕೈಗೆ ಕೊಟ್ಟು ಜಗುಲಿಯ ಮೇಲೆ ಸಾಲಾಗಿ ನಿಲ್ಲಿಸುತ್ತೇನೆ: 'ಯೂ', 'ಏಟ್', 'ಮ್ಯಾಂಗೋಸ್'. ನಾಲ್ಕನೆಯ ಹುಡುಗಿ 'ಡಿಡ್' ಎಂಬ ರಟ್ಟು ಹಿಡಿದು ಕಂಬದ ಹತ್ತಿರ ಕಾಯುತ್ತಿರುತ್ತಾಳೆ. ನಾನು 'ಪ್ರಶ್ನೆ!' ಎಂದು ಕೂಗಿದ ಕೂಡಲೇ ಅವಳು ಓಡಿ ಬಂದು ಸಾಲಿನ ಮೊದಲಿಗೆ ನಿಲ್ಲಬೇಕು. ಅವಳು ಬಂದು ನಿಲ್ಲುತ್ತಿದ್ದಂತೆ 'ಏಟ್' ಹಿಡಿದ ಹುಡುಗ ತನ್ನ ರಟ್ಟನ್ನು ತಿರುಗಿಸಬೇಕು. ಹಿಂಬದಿಯಲ್ಲಿ 'ಈಟ್' ಎಂದಿರುತ್ತದೆ. ಕೆಳಗೆ ನಿಂತ ಮಕ್ಕಳು ಒಟ್ಟಿಗೆ ಓದುತ್ತಾರೆ: 'ಡಿಡ್ ಯೂ ಈಟ್ ಮ್ಯಾಂಗೋಸ್?' ಎರಡು ಮೂರು ಸಲ ಆಡಿದ ಮೇಲೆ, ರಟ್ಟನ್ನು ಯಾಕೆ ತಿರುಗಿಸಬೇಕು ಎಂದು ಕೇಳುತ್ತೇನೆ. ಆದ ಕೆಲಸ ಎಂದು ಹೇಳುವ ಜವಾಬ್ದಾರಿಯನ್ನು 'ಡಿಡ್' ಬಂದು ವಹಿಸಿಕೊಂಡಿತು, ಇನ್ನು ಅವನಿಗೆ ಆ ಕೆಲಸವಿಲ್ಲ ಎಂಬುದನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಹೇಳುತ್ತಾರೆ. 'ಡಿಡ್ ಯೂ ಏಟ್' ಎಂಬ ತಪ್ಪು, ಕೆಂಪು ಶಾಯಿಯಿಂದ ಎಷ್ಟು ತಿದ್ದಿದರೂ ಹೋಗದ ತಪ್ಪು, ಈ ಆಟದಲ್ಲಿ ಸಡಿಲವಾಗುತ್ತದೆ.

ಆಮೇಲೆ 'ಹೂ ಏಟ್ ಮ್ಯಾಂಗೋಸ್?' ಎಂಬುದನ್ನು ಕಟ್ಟಲು ಹೇಳುತ್ತೇನೆ. 'ಡಿಡ್' ಹಿಡಿದವಳು ಅಭ್ಯಾಸಬಲದಿಂದ ಓಡಿ ಬರುತ್ತಾಳೆ. ಬೇಡ, ನೀನು ಅಲ್ಲೇ ಇರು ಎನ್ನುತ್ತೇನೆ. ಯಾಕೆ ಬೇಡ? ಒಂದು ಸಲ ಹಿಂದೆ ನಿಂತಿದ್ದ ಹುಡುಗನೊಬ್ಬ, 'ಮಿಸ್, ಯೂ ಇದ್ದ ಜಾಗದಲ್ಲೇ ಹೂ ಬಂದು ನಿಂತಿದೆ, ಉಳಿದವರು ಯಾಕೆ ಕದಲಬೇಕು?' ಎಂದ. ವ್ಯಾಕರಣದ ಪುಸ್ತಕ ಅರ್ಧ ಪುಟದಲ್ಲಿ ಹೇಳುವುದನ್ನು ಅವನು ಕಣ್ಣಾರೆ ಕಂಡು ಹೇಳಿದ್ದ. ಅವನ ಪರೀಕ್ಷೆಯ ಅಂಕಗಳು ಕಡಿಮೆಯೇ ಇದ್ದವು ಎಂಬುದನ್ನೂ ಹೇಳಬೇಕು. ವ್ಯಾಖ್ಯೆ ಉರು ಹೊಡೆಯಲಾರದ ಮಕ್ಕಳಲ್ಲಿ ಎಷ್ಟೋ ಜನರಿಗೆ ಭಾಷೆಯ ಚಲನೆ ಚೆನ್ನಾಗಿ ತಿಳಿಯುತ್ತದೆ.

ಈಗ ಕಟ್ಟಡದ ಲೆಕ್ಕಕ್ಕೆ ಬರುತ್ತೇನೆ. ನನ್ನ ಮಾತಿನ ತಿರುಳು ಇರುವುದು ಇಲ್ಲಿ.

ಮೂರು ನಾಲ್ಕು ವರ್ಷದ ಕೂಸು 'ನೀನು ಬಂದ್ರೆ ನಾನೂ ಬರ್ತೀನಿ' ಅನ್ನುತ್ತದೆ. ಇಂಗ್ಲಿಷ್ ವ್ಯಾಕರಣದ ಲೆಕ್ಕದಲ್ಲಿ ಅದು ಕಾಂಪ್ಲೆಕ್ಸ್ ವಾಕ್ಯ. ಅಂದರೆ ಒಂದು ಮಾತಿಗೆ ಇನ್ನೊಂದನ್ನು ಷರತ್ತಾಗಿ, ಕಾರಣವಾಗಿ, ಹೊತ್ತಾಗಿ ಸೇರಿಸುವ ಬುದ್ಧಿ ನಮ್ಮ ಮಕ್ಕಳಲ್ಲಿ ಶಾಲೆಗೆ ಬರುವ ಮೊದಲೇ ಇದೆ. ನಾವು ಅವರಿಗೆ ಸೇರಿಸುವುದನ್ನು ಕಲಿಸಬೇಕಿಲ್ಲ. ಸೇರಿಸುವ ಕೀಲು ಇಂಗ್ಲಿಷಿನಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ತೋರಿಸಬೇಕು.

'ಮಳೆ ಬಂದರೆ' ಎನ್ನಿ. 'ಮಳೆ ಬಂದಾಗ' ಎನ್ನಿ. 'ಮಳೆ ಬಂದದ್ದರಿಂದ', 'ಮಳೆ ಬಂದರೂ', 'ಮಳೆ ಬರುವ ತನಕ'. ಐದರಲ್ಲೂ ಕೀಲು ಎಲ್ಲಿದೆ? ತುಂಡಿನ ಕೊನೆಯಲ್ಲಿ, ಕ್ರಿಯಾಪದದ ಬಾಲದಲ್ಲಿ. ಇದೇ ಐದನ್ನು ಇಂಗ್ಲಿಷಿಗೆ ತಂದರೆ ಇಫ್, ವೆನ್, ಬಿಕಾಸ್, ಆಲ್ದೋ, ಅಂಟಿಲ್. ಐದೂ ಬಂದು ಕೂರುವುದು ಅದೇ ತುಂಡಿನ ತಲೆಯ ಮೇಲೆ. ಕನ್ನಡದ ಮಗು 'ಮಳೆ' ಎಂದು ಶುರು ಮಾಡಿ, ಬಾಲಕ್ಕೆ ಬಂದಾಗ ಕೀಲು ಹಾಕೋಣ ಎಂದುಕೊಂಡಿರುತ್ತದೆ. ಇಂಗ್ಲಿಷ್ ಬಾಯಿ ತೆರೆಯುವ ಮೊದಲೇ ಕೀಲು ಕೇಳುತ್ತದೆ. ಮಗು ಸುಮ್ಮನಾಗುವುದಕ್ಕೆ ಇದೇ ಕಾರಣ. ಪದ ತಿಳಿಯದೆ ಅಲ್ಲ, ವಿಚಾರ ಇಲ್ಲದೆಯೂ ಅಲ್ಲ.

ಎಷ್ಟೋ ಮಕ್ಕಳು, ದೊಡ್ಡವರೂ ಸಹ, 'ಆಲ್ದೋ ಇಟ್ ರೇನ್ಡ್, ಬಟ್ ವಿ ಪ್ಲೇಯ್ಡ್' ಎಂದು ಬರೆಯುತ್ತಾರೆ. ತಲೆಯಲ್ಲಿ ಆಲ್ದೋ ಹಾಕಬೇಕೆಂದು ಕಲಿತಿದ್ದಾರೆ. ಆದರೆ ಮೊದಲ ತುಂಡು ಮುಗಿಯುವ ಜಾಗದಲ್ಲಿ, ಕನ್ನಡದ 'ರೂ' ಇರುವ ಆ ಜಾಗದಲ್ಲಿ, ಏನೂ ಇಲ್ಲದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಅಲ್ಲೊಂದು ಬಟ್ ಬಂದು ಕೂರುತ್ತದೆ. ಈ ಮಗುವಿಗೆ 'ಎರಡು ಕಂಜಂಕ್ಷನ್ ಹಾಕಬಾರದು' ಎಂದು ನಿಯಮ ಒಪ್ಪಿಸಿದರೆ ಪ್ರಯೋಜನ ಕಡಿಮೆ. ಕರಿಹಲಗೆಯ ಮೇಲೆ ಕನ್ನಡ ವಾಕ್ಯ ಬರೆದು 'ರೂ'ಗೆ ಸುತ್ತು ಹಾಕಿ, ಅದರ ಕೆಳಗೆ ಇಂಗ್ಲಿಷ್ ವಾಕ್ಯ ಬರೆದು 'ಆಲ್ದೋ'ಗೆ ಸುತ್ತು ಹಾಕಿ, ಎರಡು ಸುತ್ತಿಗೂ ಒಂದು ಗೆರೆ ಎಳೆಯಿರಿ. ಬಾಲದಿಂದ ತಲೆಗೆ ಹೋದ ಆ ಓರೆ ಗೆರೆಯನ್ನು ಮಕ್ಕಳು ಮರೆಯುವುದಿಲ್ಲ.

ಯಾವ ಕೀಲಿನಿಂದ ಶುರು ಮಾಡಬೇಕು ಎಂಬುದಕ್ಕೂ ಒಂದು ಕ್ರಮವಿದೆ. 'ಆದರೆ', 'ಮತ್ತೆ', 'ಇಲ್ಲವೇ' ಇವು ಕನ್ನಡದಲ್ಲೂ ಎರಡು ಮಾತಿನ ನಡುವೆಯೇ ಬರುತ್ತವೆ. ಹಾಗಾಗಿ ಬಟ್, ಆಂಡ್, ಆರ್ ಹಾಕಿದ ಕಾಂಪೌಂಡ್ ವಾಕ್ಯ ನಮ್ಮ ಮಕ್ಕಳಿಗೆ ಕಷ್ಟವಾಗುವುದಿಲ್ಲ. ಅಲ್ಲಿಂದ ನೇರವಾಗಿ ಆಲ್ದೋಗೆ ಹಾರಬೇಡಿ. ನಡುವೆ 'ಯಾಕಂದ್ರೆ' ಇದೆ. 'ನಾನು ನಿನ್ನೆ ಬರಲಿಲ್ಲ, ಯಾಕಂದ್ರೆ ಜ್ವರ ಇತ್ತು.' ಇದು ಇಂಗ್ಲಿಷಿನ ಬಿಕಾಸ್ ವಾಕ್ಯದ ಹೆಜ್ಜೆಯಲ್ಲೇ ನಡೆಯುತ್ತದೆ. ಆದ್ದರಿಂದ ಮೊದಲ ಕಾಂಪ್ಲೆಕ್ಸ್ ವಾಕ್ಯ ಬಿಕಾಸ್‌ನದ್ದೇ ಆಗಲಿ. ವೆನ್, ಇಫ್ ಆಮೇಲೆ. ಆಲ್ದೋ ಎಲ್ಲಕ್ಕಿಂತ ಕೊನೆಗೆ.

ನಮ್ಮ ದೇಶದ ಪ್ರತಿಯೊಂದು ಮಗುವೂ ಬಾಯಿಪಾಠ ಮಾಡಿದ ಒಂದು ಕಾಂಪ್ಲೆಕ್ಸ್ ವಾಕ್ಯ ಇದೆ. ಅದು ರಜಾ ಅರ್ಜಿಯಲ್ಲಿದೆ: 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಆಮ್ ಅನೇಬಲ್ ಟು ಅಟೆಂಡ್ ದಿ ಕ್ಲಾಸ್.' ಇಡೀ ವಾಕ್ಯ ಒಂದೇ ಕಲ್ಲಿನಂತೆ ತಲೆಯಲ್ಲಿ ಕೂತಿದೆ. ಜ್ವರ ಬಂದಾಗಲೂ ಅದೇ, ಅಕ್ಕನ ಮದುವೆಯಿದ್ದಾಗಲೂ ಜ್ವರದ್ದೇ ಅರ್ಜಿ. ಈ ವಾಕ್ಯವನ್ನು ತರಗತಿಯಲ್ಲಿ ಬಿಚ್ಚಿ ತೋರಿಸಿ. ಎಲ್ಲಿಯವರೆಗೆ ಕಾರಣ, ಎಲ್ಲಿಂದ ಪರಿಣಾಮ? ಕೀಲು ಯಾವುದು? ಕೀಲು ಅಲ್ಲೇ ಇರಲಿ, ಜ್ವರ ತೆಗೆದು ಮದುವೆ ಹಾಕಿ. 'ಆಸ್ ಮೈ ಸಿಸ್ಟರ್ಸ್ ವೆಡ್ಡಿಂಗ್ ಈಸ್ ಆನ್ ಮಂಡೇ.' ಊರ ಜಾತ್ರೆ ಹಾಕಿ, ಬಸ್ ಬಾರದ್ದನ್ನು ಹಾಕಿ, ಹಸು ಕರು ಹಾಕಿದ್ದನ್ನು ಹಾಕಿ. ಒಂದು ಪೀರಿಯಡ್ಡಿನಲ್ಲಿ ಮಕ್ಕಳು ತಮ್ಮ ಜೀವನದ ನಿಜವಾದ ಕಾರಣಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಕೊನೆಗೆ, ಎರಡು ತುಂಡನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ, ಕಾರಣದ ತುಂಡು ಮುಂದಿದ್ದಾಗ ಮಾತ್ರ ನಡುವೆ ಅಲ್ಪವಿರಾಮ ಬೇಕು ಎಂದು ಒಂದು ಮಾತು ಹೇಳಿದರೆ ಸಾಕು.

'ಇದಕ್ಕೆ ಹೆಸರೇ ಕಾಂಪ್ಲೆಕ್ಸ್ ಸೆಂಟೆನ್ಸ್' ಎಂದು ಹೇಳುವುದು ಇಷ್ಟೆಲ್ಲ ಆದ ಮೇಲೆ. ಹೆಸರು ಬೇಡವೆಂದು ನಾನು ಹೇಳುತ್ತಿಲ್ಲ. ಹತ್ತು ವಾಕ್ಯ ಕಟ್ಟಿದ ಮಗುವಿಗೆ ಹೆಸರು ಒಂದು ಅನುಕೂಲ. ಒಂದೂ ಕಟ್ಟದ ಮಗುವಿಗೆ ಅದು ಹೊರೆ.

ಇನ್ನೊಂದು ಕಟ್ಟು ಇದೆ, ಏಳನೇ ತರಗತಿಯ ಕೊನೆಗೆ ಕೈಗೆತ್ತಿಕೊಳ್ಳುವಂಥದ್ದು. 'ಅಪ್ಪ ಸಂತೆಯಿಂದ ತಂದ ಮೇಕೆ ನಿನ್ನೆ ಮರಿ ಹಾಕಿತು.' ಮೇಕೆಯ ಬಗ್ಗೆ ಹೇಳಬೇಕಾದ್ದನ್ನೆಲ್ಲ ಕನ್ನಡ ಮೇಕೆಯ ಮುಂದೆಯೇ ಹೇಳಿ ಮುಗಿಸುತ್ತದೆ. ಇಂಗ್ಲಿಷ್ ಮೊದಲು ಮೇಕೆಯನ್ನು ಹೇಳಿ ಆಮೇಲೆ ಅದರ ವಿವರ ಹೇಳುತ್ತದೆ: 'ದಿ ಗೋಟ್ ದಟ್ ಮೈ ಫಾದರ್ ಬಾಟ್ ಅಟ್ ದಿ ಮಾರ್ಕೆಟ್'. ಒಬ್ಬ ಹುಡುಗಿ 'ಫಾದರ್ ಮಾರ್ಕೆಟ್ ಬ್ರಾಟ್ ಗೋಟ್' ಎಂದು ಬರೆದರೆ ಅವಳ ವಿಚಾರ ತಪ್ಪಿಲ್ಲ, ಪದಗಳ ಸಾಲು ಮಾತ್ರ ಕನ್ನಡದ್ದು. ಹಾಳೆಯ ಅಂಚಿನಲ್ಲಿ ಕೆಂಪು ತಪ್ಪುಗುರುತು ಹಾಕುವ ಮೊದಲು 'ಯಾವ ಮೇಕೆ?' ಎಂದು ಇಂಗ್ಲಿಷಿನಲ್ಲಿ ಕೇಳಿ: 'ವಿಚ್ ಗೋಟ್?' ಅವಳು ಕೊಡುವ ಉತ್ತರವನ್ನು ಗೋಟ್ ಆದ ಮೇಲೆ ಸೇರಿಸಲು ಹೇಳಿ. ವಾಕ್ಯ ತಾನಾಗಿ ನೇರವಾಗುತ್ತದೆ.

ಈ ಕಟ್ಟುಗಳನ್ನೆಲ್ಲ ಅಭ್ಯಾಸ ಮಾಡಿಸಲು ಎರಡು ಚಿಕ್ಕ ವಾಕ್ಯ ಕೊಟ್ಟು ಒಂದಾಗಿ ಸೇರಿಸಲು ಹೇಳುತ್ತೇನೆ. ಈ ಪದ್ಧತಿ ನನ್ನ ಕಲ್ಪನೆಯಲ್ಲ. ಅಮೆರಿಕದಲ್ಲಿ ಇದನ್ನು ಸೆಂಟೆನ್ಸ್ ಕಂಬೈನಿಂಗ್ ಎನ್ನುತ್ತಾರೆ. ಅಲ್ಲಿ ಜಾನ್ ಮೆಲನ್ 1969ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ಏಳನೇ ತರಗತಿಯ ಮಕ್ಕಳ ಮೇಲೆಯೇ. ಮೆಲನ್ ಜೋಡಣೆಯ ಜೊತೆಗೆ ವ್ಯಾಕರಣದ ಪರಿಭಾಷೆಯನ್ನೂ ಇಟ್ಟಿದ್ದರು. 1973ರಲ್ಲಿ ಫ್ರಾಂಕ್ ಒಹೇರ್ ಪರಿಭಾಷೆಯನ್ನು ತೆಗೆದುಹಾಕಿ, ಬರೀ ಜೋಡಿಸುವ ಅಭ್ಯಾಸವನ್ನು ಏಳನೇ ತರಗತಿಗೇ ಕೊಟ್ಟರು. ಮಕ್ಕಳ ಬರವಣಿಗೆ ಪಕ್ವವಾದದ್ದನ್ನು ಕಂಡರು. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಅಂಥ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ವಾಕ್ಯ ಜೋಡಣೆಯಿಂದ ಬರವಣಿಗೆಗೆ ಲಾಭವಾದದ್ದು ಕಂಡಿತು. ಬರೀ ವ್ಯಾಕರಣ ಪಾಠದಿಂದ ಕಾಣಲಿಲ್ಲ. ಅವೆಲ್ಲ ಬಹುಪಾಲು ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಮಕ್ಕಳ ನಡುವೆ ನಡೆದ ಕೆಲಸ ಎಂಬುದನ್ನು ನೆನಪಿಡಬೇಕು. ನಮ್ಮ ಮಕ್ಕಳಿಗೆ ಕೀಲಿನ ಜಾಗವನ್ನು ಬೇರೆಯಾಗಿ ತೋರಿಸಬೇಕು, ಅವರಿಗೆ ಅದು ಬೇಕಿರಲಿಲ್ಲ.

ನಮ್ಮ ನೆಲದಲ್ಲೇ ಇನ್ನೊಂದು ದೊಡ್ಡ ಪ್ರಯೋಗ ನಡೆದಿದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಕೆಲಸ, ಜಗತ್ತಿನ ಭಾಷಾ ಶಿಕ್ಷಕರೆಲ್ಲ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದು ಕರೆಯುವುದು ಇದನ್ನೇ. ರೈಲ್ವೆ ವೇಳಾಪಟ್ಟಿ, ನಕ್ಷೆ ಇಂಥವನ್ನು ಮುಂದಿಟ್ಟು, ಯಾವ ರೈಲು ಎಷ್ಟು ಹೊತ್ತಿಗೆ ಎಲ್ಲಿಗೆ ತಲುಪುತ್ತದೆ ಎಂದು ಮಕ್ಕಳಿಂದ ಲೆಕ್ಕ ಹಾಕಿಸಿದರು. ಮನಸ್ಸು ಅರ್ಥದಲ್ಲಿ ಮುಳುಗಿರುವಾಗ ಭಾಷೆಯ ರಚನೆ ತಾನಾಗಿ ಒಳಗೆ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. 1987ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರವಾಗಿ ಮಂಡಿಸಿದ್ದಾರೆ. ಆ ಮಾತಿನಲ್ಲಿ ದೊಡ್ಡ ಸತ್ಯವಿದೆ. ವೇಳಾಪಟ್ಟಿ ಮುಂದಿಟ್ಟರೆ ಪ್ರಶ್ನಾವಾಕ್ಯಗಳು ಬೇಕಾಗಿಯೇ ಹುಟ್ಟುತ್ತವೆ, ಯಾರೂ 'ಇಂಟರಾಗೇಟಿವ್ ಹೇಳು' ಎನ್ನಬೇಕಾಗಿಲ್ಲ. ಆದರೂ ದಿನಕ್ಕೆ ನಲವತ್ತು ನಿಮಿಷ ಬಿಟ್ಟರೆ ಇಂಗ್ಲಿಷ್ ಕಿವಿಗೇ ಬೀಳದ ಊರಿನ ಮಗುವಿಗೆ, ಎಲ್ಲವೂ ತಾನಾಗಿ ಬೆಳೆಯುವವರೆಗೆ ಕಾಯುವಷ್ಟು ಸಮಯ ಎಲ್ಲಿದೆ? ಕೆಲಸವೂ ಇರಲಿ, ಕೀಲಿನತ್ತ ಬೆರಳೂ ಇರಲಿ ಎಂಬುದು ನನ್ನ ಅಭಿಪ್ರಾಯ.

ಕನ್ನಡ ಪಂಡಿತರೊಂದಿಗೆ ಇಂಗ್ಲಿಷ್ ಶಿಕ್ಷಕರು ಕೂತು ಮಾತಾಡುವುದು ಈ ವಿಷಯದಲ್ಲಿ ಬಹಳ ಅಗತ್ಯ. ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ಕನ್ನಡ ವ್ಯಾಕರಣದಲ್ಲೂ ಮಕ್ಕಳು ಇದೇ ಪಾಠವನ್ನು ಕಲಿಯುತ್ತಾರೆ. ಒಂದು ಕೊಠಡಿಯಲ್ಲಿ ಕಲಿತದ್ದು ಇನ್ನೊಂದು ಕೊಠಡಿಯಲ್ಲಿ ನೆನಪಿಗೆ ಬಾರದಂತೆ ನಾವು ಗೋಡೆ ಕಟ್ಟಿದ್ದೇವೆ. ಕನ್ನಡ ಪೀರಿಯಡ್ಡಿನಲ್ಲಿ 'ಎದ್ದು, ಮುಖ ತೊಳೆದು, ತಿಂಡಿ ತಿಂದು, ಬಸ್ಸು ಹತ್ತಿ ಶಾಲೆಗೆ ಬಂದೆ' ಎಂಬ ವಾಕ್ಯವನ್ನು ತೆಗೆದುಕೊಳ್ಳಲಿ. ಐದು ಕೆಲಸವಿದೆ, ಮುಗಿಯುವ ಕ್ರಿಯಾಪದ ಒಂದೇ: ಬಂದೆ. ಅದು ಬಂದ ಮೇಲೆ ವಾಕ್ಯ ಮುಗಿಯಿತೆಂದು ಕಿವಿಗೇ ತಿಳಿಯುತ್ತದೆ. ಅದೇ ದಿನ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅದನ್ನೇ ಬರೆಸಿದರೆ ಮಕ್ಕಳು ಆಂಡ್ ಆಂಡ್ ಎಂದು ಪುಟದ ತುದಿವರೆಗೆ ಎಳೆಯುತ್ತಾರೆ, ಅಥವಾ ಐದು ಒಣ ವಾಕ್ಯ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬರೆಯುವವರೇ ತೀರ್ಮಾನಿಸಿ ಪೂರ್ಣವಿರಾಮ ಹಾಕಬೇಕು. ಐದರಲ್ಲಿ ಯಾವುದು ಮುಖ್ಯ, ಯಾವುದನ್ನು 'ಆಫ್ಟರ್' ಹಾಕಿ ಹಿಂದಕ್ಕೆ ಸರಿಸಬಹುದು? ಈ ಚರ್ಚೆ ನಡೆದ ತರಗತಿಯಲ್ಲಿ ಮಕ್ಕಳು ಬರಹಗಾರರಂತೆ ಯೋಚಿಸುತ್ತಾರೆ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕಿಂತ ಸಂತೋಷ ಕೊಟ್ಟ ಪೀರಿಯಡ್ಡುಗಳು ನನಗೆ ಕಡಿಮೆ.

ಪರೀಕ್ಷೆಯ ಮಾತು ಬಂದೇ ಬರುತ್ತದೆ. 'ಐಡೆಂಟಿಫೈ ದಿ ಟೈಪ್ ಆಫ್ ಸೆಂಟೆನ್ಸ್' ಎಂಬ ಪ್ರಶ್ನೆ ಇರುವವರೆಗೆ ಮಕ್ಕಳು ಹೆಸರನ್ನೇ ಉರು ಹೊಡೆಯುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಹತ್ತನೇ ತರಗತಿಯ ಪತ್ರಿಕೆ ನಮ್ಮ ಕೈಯಲ್ಲಿಲ್ಲ. ಆದರೆ ಎಫ್‌ಎ ಎಂಬ ರೂಪಣಾತ್ಮಕ ಮೌಲ್ಯಮಾಪನದ ಪ್ರಶ್ನೆಗಳನ್ನು ತರಗತಿಯ ಶಿಕ್ಷಕರೇ ಹಾಕಿಕೊಳ್ಳಬಹುದು. ಅಲ್ಲಿ ಹೀಗೆ ಕೇಳಿ: ಮೂರು ಚಿಕ್ಕ ವಾಕ್ಯ ಕೊಟ್ಟಿದೆ. ಕರೆಂಟ್ ಹೋಯಿತು. ಅಜ್ಜಿ ಕಥೆ ಹೇಳಿದರು. ನಾವು ಮಲಗಲಿಲ್ಲ. ಇವನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಸೇರಿಸಿ, ಒಂದೊಂದು ವಾಕ್ಯ ಮಾಡಿ. ಒಂದು ಮಗು ವೆನ್ ಹಾಕುತ್ತದೆ, ಒಂದು ಬಿಕಾಸ್ ಹಾಕುತ್ತದೆ, ಒಂದು ಎರಡನ್ನೂ ಹಾಕಲು ಹೋಗಿ ನಡುವೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಮಗುವಿಗೂ ಅಂಕ ಕೊಡಿ, ಕೀಲು ಸರಿಯಾದ ಜಾಗದಲ್ಲಿದ್ದರೆ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ಉತ್ತರ ಪತ್ರಿಕೆಗಳನ್ನು ಹಿಂದಿರುಗಿಸುವ ದಿನ ಎಲ್ಲ ಬಗೆಯ ಉತ್ತರಗಳನ್ನೂ ಕರಿಹಲಗೆಯ ಮೇಲೆ ಬರೆದು, ಯಾವುದರಲ್ಲಿ ಅಜ್ಜಿ ಮುಂದೆ ಬಂದಿದ್ದಾಳೆ, ಯಾವುದರಲ್ಲಿ ಕತ್ತಲು ಮುಂದೆ ಬಂದಿದೆ ಎಂದು ಮಕ್ಕಳನ್ನೇ ಕೇಳಿ.